ಹಳೆ ಗಾಡಿಗೆ ಎಬಿಎಸ್: ಲಾಭವೋ, ತಲೆನೋವೋ?

ಈ ವಾರ ಬೆಳೆ ಬಿಟ್ಟು ಗಾಡಿ ಬಗ್ಗೆ ಬರೀತಿದ್ದೀನಿ. ತೋಟಗಾರಿಕೆ ಓದಿದವನಿಗೆ ಬ್ರೇಕಿನ ಉಸಾಬರಿ ಯಾಕೆ ಅಂತ ಕೇಳಬಹುದು. ಆದ್ರೆ ಇಂಡಿಯ ಲಿಂಬೆ, ಸಿಂದಗಿಯ ಕಬ್ಬು, ಬಸವನ ಬಾಗೇವಾಡಿಯ ದ್ರಾಕ್ಷಿ, ಮುದ್ದೇಬಿಹಾಳದ ತೊಗರಿ, ಎಲ್ಲ ಹೊಲದಿಂದ ಮಾರ್ಕೆಟ್ಟಿಗೆ ಹೋಗೋದು ಹತ್ತು-ಹದಿನೈದು ವರ್ಷದ ಹಳೆ ಗಾಡಿಗಳಲ್ಲೇ. ಹೊಸ ಗಾಡಿ ತಗೊಳ್ಳೋ ರೊಕ್ಕ ನಮ್ಮಲ್ಲಿ ಎಷ್ಟು ಜನರ ಹತ್ರ ಐತಿ? ಸೆಕೆಂಡ್ ಹ್ಯಾಂಡ್ ತಗೊಂಡು ಇನ್ನೊಂದು ಹತ್ತು ವರ್ಷ ಓಡಿಸೋರು ನಾವು.

ನಾನೂ ಹಾಗೇ ತಗೊಂಡೆ. 2021ರಲ್ಲಿ, 2014ರ ಮಾಡೆಲ್ ಡೀಸೆಲ್ ಕಾರು. ಹಿಂದಿನ ಸೀಟು ಮಡಚಿದ್ರೆ ಲಿಂಬೆ ಸಸಿ ಟ್ರೇ, ಬೇವಿನ ಹಿಂಡಿ ಚೀಲ ಎಲ್ಲ ಕೂಡ್ತಾವೆ. ಮಾರಿದವರು "ಟಾಪ್ ಮಾಡೆಲ್ರೀ, ಎಬಿಎಸ್ ಅದ" ಅಂದಿದ್ರು. ಅಷ್ಟು ಕೇಳಿ ನಾನು ತಲೆ ಆಡಿಸಿದ್ದೆ, ಏನೂ ನೋಡಲಿಲ್ಲ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ನವೆಂಬರ್ ಸಂಜೆ, ಸಿಂದಗಿ ಕಡೆಯಿಂದ ಇಂಡಿಗೆ ಬರ್ತಿದ್ವಿ. ಪಕ್ಕದಲ್ಲಿ ಅಪ್ಪ. ಅಕಾಲಿಕ ಮಳೆ, ಜಿಟಿಜಿಟಿ ಅಷ್ಟೇ. ಕಬ್ಬು ಕಟಾವು ಶುರುವಾಗಿತ್ತು. ಹೊಲದಿಂದ ಡಾಂಬರಿಗೆ ಹತ್ತೋ ಟ್ರ್ಯಾಕ್ಟರುಗಳು ಎರೆ ಮಣ್ಣು ತಂದು ರಸ್ತೆಗೆ ಬಳಿದು ಬಿಟ್ಟಿದ್ವು. ಒಣಗಿದಾಗ ಅದು ಬರೀ ಧೂಳು, ನಾಲ್ಕು ಹನಿ ಬಿದ್ರೆ ಎಣ್ಣೆ ಸವರಿದ ಹಂಚು. ತಿರುವಿನಲ್ಲಿ ಒಂದು ಟ್ರೇಲರ್ ನಿಂತಿತ್ತು, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಒತ್ತಿದೆ. ಗಾಲಿ ನಾಲ್ಕೂ ಹಿಡಕೊಂಡ್ವು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ರೂ ಗಾಡಿ ನೇರ ಜಾರಿಕೊಂಡು ಹೊಂಟಿತು. ಕಬ್ಬಿನ ತುದಿ ಗಾಜಿಗೆ ತಾಗೋ ಹೊತ್ತಿಗೆ ನಿಂತಿತು. ಅಪ್ಪ ಮನೆ ಮುಟ್ಟೋವರೆಗೂ ಮಾತಾಡಲಿಲ್ಲ. ಇಳಿದ ಮೇಲೆ ಕೇಳಿದ್ದು ಒಂದೇ: "ಇದಕ್ಕ ಅದೇನೋ ಅದ ಅಂದಿದ್ದೆಲ್ಲ?"

ಮರುದಿನ ಪರಿಚಯದ ಮೆಕ್ಯಾನಿಕ್ ಹತ್ರ ಹೋದೆ. ಅವರು ಕೀ ತಿರುಗಿಸಿ ಮೀಟರ್ ನೋಡಿದವರೇ ನಕ್ಕರು. ಎಬಿಎಸ್ ದೀಪ ಹತ್ತಲೇ ಇಲ್ಲ. ಮೀಟರ್ ಬಿಚ್ಚಿದಾಗ ಆ ಪುಟ್ಟ ದೀಪದ ಮೇಲೆ ಒಂದು ತುಂಡು ಕರಿ ಟೇಪ್! ಎಬಿಎಸ್ ಯಾವತ್ತೋ ಸತ್ತಿತ್ತು, ಸುದ್ದಿ ಹೇಳೋ ದೀಪದ ಬಾಯಿಯನ್ನೂ ಯಾರೋ ಮುಚ್ಚಿದ್ದರು.

ಎಬಿಎಸ್ ಮಾಡೋದೇನು?

ಉರುಳುವ ಗಾಲಿ ರಸ್ತೆ ಹಿಡೀತದೆ, ಜಾರುವ ಗಾಲಿ ಹಿಡಿಯೋದಿಲ್ಲ. ಗಾಲಿ ಲಾಕ್ ಆಯ್ತು ಅಂದ್ರೆ ಸ್ಟೇರಿಂಗ್ ಬರೀ ಅಲಂಕಾರ. ಎಬಿಎಸ್ ಇರೋ ಗಾಡಿಯಲ್ಲಿ ಪ್ರತಿ ಗಾಲಿ ಹತ್ರ ಒಂದು ಸೆನ್ಸರ್ ಇರ್ತದೆ. ಅದು ಗಾಲಿ ಎಷ್ಟು ವೇಗವಾಗಿ ತಿರುಗ್ತಿದೆ ಅಂತ ಕಂಪ್ಯೂಟರಿಗೆ ಹೇಳ್ತಾ ಇರ್ತದೆ. ಯಾವುದಾದ್ರೂ ಗಾಲಿ ಥಟ್ಟನೆ ನಿಲ್ಲೋ ಹಾಗೆ ಕಂಡ್ರೆ, ಬಾನೆಟ್ ಒಳಗಿನ ವಾಲ್ವು ಆ ಗಾಲಿಯ ಬ್ರೇಕ್ ಒತ್ತಡವನ್ನ ಕ್ಷಣಕಾಲ ಬಿಟ್ಟು ಮತ್ತೆ ಹಿಡೀತದೆ. ಸೆಕೆಂಡಿಗೆ ಹತ್ತಾರು ಸಲ. ಪೆಡಲ್ ಕಾಲಡಿಯಲ್ಲಿ ಗಡಗಡ ಅನ್ನೋದು ಅದಕ್ಕೇ. ಗೊತ್ತಿಲ್ಲದವರು ಹೆದರಿ ಕಾಲು ತೆಗೀತಾರೆ. ತೆಗೀಬಾರದು. ಎಬಿಎಸ್ ಇದ್ರೆ ಗಟ್ಟಿಯಾಗಿ ಒತ್ತಿ ಹಿಡಿದು, ಗಾಡಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಿರುಗಿಸಬೇಕು. ಹಳೇ ಗಾಡಿಯಲ್ಲಿ ಕಲಿತ "ಒತ್ತಿ ಬಿಡು, ಒತ್ತಿ ಬಿಡು" ಪಾಠ ಇಲ್ಲಿ ಉಲ್ಟಾ.

ಅಂದ್ರೆ ಎಬಿಎಸ್ಸಿನ ಮುಖ್ಯ ಲಾಭ ಗಾಡಿ ಬೇಗ ನಿಲ್ಲೋದಲ್ಲ, ಬ್ರೇಕ್ ಒತ್ತಿದಾಗಲೂ ಸ್ಟೇರಿಂಗ್ ನಮ್ಮ ಮಾತು ಕೇಳೋದು. ಆವತ್ತು ನನಗೆ ಬೇಕಾಗಿದ್ದದ್ದೂ ಅಷ್ಟೇ, ಬಲಕ್ಕೆ ನಾಲ್ಕು ಅಡಿ ಜಾಗ ಇತ್ತು.

ಗರಸಿನ ದಾರಿಯ ಕಥೆ ಬೇರೆ

ರಿಪೇರಿ ಆದ ಮೇಲೆ ನನಗೆ ಸುಮ್ಮನಿರೋಕೆ ಆಗಲಿಲ್ಲ. ನಮ್ಮ ತೋಟದೊಳಗಿನ ಗರಸಿನ ದಾರಿಯಲ್ಲಿ, ಯಾರೂ ಇಲ್ಲದಾಗ, ದಾಳಿಂಬೆಗೆ ಊರೋ ಗೂಟ ಒಂದನ್ನ ಗುರುತಿಗೆ ನೆಟ್ಟು 30 ಕಿ.ಮೀ. ವೇಗದಲ್ಲಿ ಬಂದು ಬ್ರೇಕ್ ಒತ್ತಿದೆ. ಎಬಿಎಸ್ ಇದ್ದಾಗ ಗೂಟದಿಂದ ಹನ್ನೆರಡು ಹೆಜ್ಜೆ. ಫ್ಯೂಸ್ ತೆಗೆದು ಮಾಡಿದಾಗ ಒಂಬತ್ತೇ ಹೆಜ್ಜೆ! ಮೂರು ಸಲ ಮಾಡಿದೆ, ಹೆಚ್ಚು ಕಮ್ಮಿ ಅದೇ ಬಂತು. (ಇದನ್ನ ರಸ್ತೆಯಲ್ಲಿ ಮಾಡಬೇಡಿ.)

ಇದು ಯಂತ್ರದ ದೋಷ ಅಲ್ಲ. ಸಡಿಲ ಗರಸಿನಲ್ಲಿ ಲಾಕ್ ಆದ ಗಾಲಿ ಕುಂಟೆ ಹೊಡೆದ ಹಾಗೆ ಮಣ್ಣನ್ನ ಮುಂದೆ ಗುಡ್ಡೆ ಹಾಕ್ತದೆ, ಆ ಗುಡ್ಡೆಯೇ ಅಡ್ಡ ನಿಂತು ಗಾಡಿ ತಡೀತದೆ. ಎಬಿಎಸ್ ಗಾಲಿಯನ್ನ ಉರುಳಿಸ್ತಾನೇ ಇರೋದ್ರಿಂದ ಗುಡ್ಡೆ ಏಳೋದಿಲ್ಲ. ಆದ್ರೆ ಫ್ಯೂಸ್ ಇಲ್ಲದಾಗ ಎರಡು ಸಲ ಗಾಡಿ ಹಿಂಭಾಗ ಓರೆಯಾಗಿ ಬದುವಿನ ಕಡೆ ಹೋಯ್ತು ಅನ್ನೋದನ್ನೂ ಹೇಳಬೇಕು. ಮೂರು ಹೆಜ್ಜೆ ಉಳೀತು, ದಿಕ್ಕು ತಪ್ಪಿತು.

ಹಾಗಾಗಿ ಹೊಲದ ದಾರಿಯಲ್ಲಿ ಎಬಿಎಸ್ ಗಾಡಿ ಓಡಿಸೋರು ಅಂತರ ಜಾಸ್ತಿ ಇಟ್ಕೋಬೇಕು. ಜನವರಿ ಹೊತ್ತಿಗೆ ರಸ್ತೆ ಮೇಲೆ ಹರವಿದ ತೊಗರಿ ಕಟ್ಟಿಗೆ, ಜೋಳದ ತೆನೆ ಮೇಲೂ ಇದೇ ಮಾತು. ಅಲ್ಲಿ ಎಬಿಎಸ್ ಇದ್ರೂ ಇಲ್ಲದಿದ್ರೂ ಹಿಡಿತ ಇಲ್ಲ. ರಾಶಿ ಮಾಡೋಕೆ ಕಣ ಬಿಟ್ಟು ರಸ್ತೆಗೆ ಬಂದಿದ್ದು ನಮ್ಮದೇ ತಪ್ಪು, ನಾನೇನು ಹೊರತಲ್ಲ.

ಎಬಿಎಸ್ ಇದೆ ಅಂತ ಜೋರು ಹೋಗೋರ ಬಗ್ಗೆ ಒಂದು ಮಾತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2009ರಲ್ಲಿ ಲೆಕ್ಕ ಹಾಕಿ ನೋಡಿತ್ತು. ಎಬಿಎಸ್‌ನಿಂದ ಒಟ್ಟು ಅಪಘಾತ ಕಾರುಗಳಲ್ಲಿ ಶೇ. 6, ಪಿಕಪ್-ವ್ಯಾನ್ ತರದ ಗಾಡಿಗಳಲ್ಲಿ ಶೇ. 8ರಷ್ಟು ಕಮ್ಮಿ ಆಗಿತ್ತು. ಸಾವಿನ ಅಪಘಾತಗಳಲ್ಲಿ ಮಾತ್ರ ಹೆಚ್ಚುಕಡಿಮೆ ವ್ಯತ್ಯಾಸವೇ ಇರಲಿಲ್ಲ. ಜರ್ಮನಿಯ ಮ್ಯೂನಿಕ್ ಟ್ಯಾಕ್ಸಿಗಳಲ್ಲಿ ಪರೀಕ್ಷೆ ಮಾಡಿದಾಗ ಎಬಿಎಸ್ ಇದ್ದ ಚಾಲಕರು ಇನ್ನಷ್ಟು ಧೈರ್ಯದಿಂದ ಓಡಿಸಿದ್ದು ಕಂಡುಬಂದಿತ್ತು. 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗ್ತದೆ. ಆರು ಮೀಟರಿಗೊಂದು ಲಿಂಬೆ ಗಿಡ ಹಚ್ಚಿದ್ರೆ, ಕಾಲು ಬ್ರೇಕಿಗೆ ಹೋಗೋವಷ್ಟರಲ್ಲೇ ಮೂರು ಗಿಡ ಹತ್ತಿರ ದಾಟಿರ್ತೀರಿ. ಅಲ್ಲಿ ಎಬಿಎಸ್‌ಗೆ ಕೆಲಸವೇ ಇಲ್ಲ.

ನನ್ನ ಗಾಡಿಗೆ ಆಗಿದ್ದು: ಇಲಿ

ಎಡಗಡೆ ಹಿಂದಿನ ಗಾಲಿಯ ಸೆನ್ಸರ್ ವೈರನ್ನ ಇಲಿ ಕಡಿದಿತ್ತು. ಶೆಡ್ಡಿನಲ್ಲಿ ಜೀವಾಮೃತಕ್ಕೆ ಅಂತ ಕಡಲೆ ಹಿಟ್ಟು, ಬೆಲ್ಲ ಇಟ್ಟಿರ್ತೀನಿ, ಪಕ್ಕದಲ್ಲೇ ಕಾರು. ಸಾವಯವ ಕೃಷಿಯ ಅಡ್ಡ ಪರಿಣಾಮ ಅಂತ ಮೆಕ್ಯಾನಿಕ್ ಚೇಷ್ಟೆ ಮಾಡಿದ್ರು. ಮಾರಿದವರ ಕಾಲದಲ್ಲೇ ಕೆಟ್ಟಿತ್ತೋ, ನಮ್ಮ ಇಲಿ ಇನ್ನೊಂದು ಸಲ ಕಡೀತೋ, ದೇವರಿಗೇ ಗೊತ್ತು. ಸೆನ್ಸರ್, ವೈರು, ಕೂಲಿ ಸೇರಿ ನನಗೆ ಎರಡೂವರೆ ಸಾವಿರ ಹೋಯ್ತು. ಇದಕ್ಕೂ ಮುಂಚೆ ಬೇರೆ ಒಂದು ಕಡೆ ತೋರಿಸಿದಾಗ ಏನೂ ಬಿಚ್ಚದೆ "ಯೂನಿಟ್ಟೇ ಹೋಗೈತಿ, ಮೂವತ್ತೆಂಟು ಸಾವಿರ" ಅಂದಿದ್ರು.

ಹಳೆ ಗಾಡಿಗೆ ಎಬಿಎಸ್ ತಲೆನೋವು ಅಂತಾರಲ್ಲ, ಆ ಮಾತು ಹುಟ್ಟೋದು ಇಲ್ಲೇ. ಯೂನಿಟ್ ನಿಜವಾಗಿ ಕೆಟ್ಟರೆ ದುಬಾರಿ, ಗಾಡಿಯ ಬೆಲೆಯ ಕಾಲುಭಾಗ ಅದಕ್ಕೇ ಹೋದೀತು. ಆದ್ರೆ ದೀಪ ಹತ್ತಿದ ಕೂಡಲೇ ಯೂನಿಟ್ ಅಂತ ತೀರ್ಮಾನ ಮಾಡಬೇಡಿ. ಮೊದಲು ಸ್ಕ್ಯಾನರ್ ಹಚ್ಚಿ ಯಾವ ಗಾಲಿ ಅಂತ ನೋಡಿಸಿ. ನಮ್ಮ ಎರೆ ಮಣ್ಣು ಸೆನ್ಸರಿಗೂ ಅದರ ಎದುರಿನ ಹಲ್ಲಿನ ಬಳೆಗೂ ನಡುವೆ ಮೆತ್ತಿಕೊಂಡು ಕಲ್ಲಾಗ್ತದೆ, ಅದನ್ನ ತೊಳೆದ್ರೇ ಎಷ್ಟೋ ಸಲ ಸರಿ ಹೋಗ್ತದೆ. ಬಳೆ ತುಕ್ಕು ಹಿಡಿದು ಬಿರುಕು ಬಿಟ್ಟಿರಬಹುದು. ಗಾಲಿ ಬೇರಿಂಗ್ ಅಲುಗಾಡಿದ್ರೂ ಸೆನ್ಸರ್ ತಪ್ಪು ಲೆಕ್ಕ ಕೊಡ್ತದೆ. ಒಂದು ಗಾಲಿಗೆ ಬೇರೆ ಸೈಜಿನ ಟೈರ್ ಹಾಕಿದ್ರೂ ಅಷ್ಟೇ. ಆ ಗಾಲಿ ತಿರುಗೋ ವೇಗ ಬೇರೆ ಆಗಿ ಕಂಪ್ಯೂಟರ್ ಗೊಂದಲಕ್ಕೆ ಬೀಳ್ತದೆ. ಇವೆಲ್ಲ ಸಾವಿರಗಳಲ್ಲಿ ಮುಗಿಯೋ ಕೆಲಸ.

ಯೂನಿಟ್ ಕೆಡೋದಕ್ಕೆ ದೊಡ್ಡ ಕಾರಣ ನಾವೇ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರ್ತದೆ, ತೆರೆದಿಟ್ಟ ಯೂರಿಯಾ ಚೀಲದ ಹಾಗೆ. ಆ ನೀರು ಒಳಗಿನ ಸಣ್ಣ ವಾಲ್ವುಗಳಿಗೆ ತುಕ್ಕು ಹಿಡಿಸ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ನಮ್ಮ ಕಡೆ ಹತ್ತು ವರ್ಷ ಬರೀ ಮೇಲಿಂದ ಸುರೀತಾ ಹೋಗೋರೇ ಜಾಸ್ತಿ. ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರ್ತದೆ, ಅದನ್ನೇ ಹಾಕಿ. ಕೆಲವು ಗಾಡಿಗಳಲ್ಲಿ ಯೂನಿಟ್ ಒಳಗಿನ ಗಾಳಿ ತೆಗೆಯೋಕೂ ಸ್ಕ್ಯಾನರ್ ಬೇಕು, ಅದು ಇರೋ ಗ್ಯಾರೇಜಿಗೇ ಹೋಗಿ.

ಇಲಿಗೆ ನಾನು ಮಾಡಿದ್ದು: ಹಿಟ್ಟು, ಬೆಲ್ಲ ಮುಚ್ಚಳದ ಡ್ರಮ್ಮಿಗೆ ಹೋದ್ವು. ಚಾಸಿಗೆ ತಾಗಿಕೊಂಡು ಹೋಗೋ ವೈರಿಗೆ ಹಳೇ 16 ಎಂಎಂ ಡ್ರಿಪ್ ಲ್ಯಾಟರಲ್ ಸೀಳಿ ತೊಡಿಸಿದೀನಿ. ಗಾಲಿ, ಡಿಸ್ಕ್, ಸೈಲೆನ್ಸರ್ ಹತ್ರ ಮಾತ್ರ ಅದನ್ನ ಹಾಕಬೇಡಿ, ಕರಗ್ತದೆ.

ದೀಪದ ವಿಷಯ ನೆನಪಿಡಿ. ಕೀ ತಿರುಗಿಸಿದಾಗ ಎಬಿಎಸ್ ದೀಪ ಹತ್ತಿ ಕೆಲವು ಸೆಕೆಂಡಿಗೆ ಆರಬೇಕು. ಹತ್ತಿಯೇ ಇದ್ರೆ ಎಬಿಎಸ್ ಇಲ್ಲ, ಆದ್ರೆ ಸಾದಾ ಬ್ರೇಕ್ ಇರ್ತದೆ, ನಿಧಾನ ಹೋಗಿ ತೋರಿಸಬಹುದು. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದ್ರೆ ಗಾಡಿ ನಿಲ್ಲಿಸಿ. ಆಯಿಲ್ ಸೋರಿರಬಹುದು, ಇಲ್ಲವೇ ಮುಂದಿನ-ಹಿಂದಿನ ಗಾಲಿಗೆ ಒತ್ತಡ ಹಂಚೋ ವ್ಯವಸ್ಥೆಯೂ ಹೋಗಿರಬಹುದು. ಆಗ ಹಿಂದಿನ ಗಾಲಿ ಮೊದಲು ಲಾಕ್ ಆಗಿ ಗಾಡಿ ಬುಗುರಿ ಆಗ್ತದೆ. ಇನ್ನು ದೀಪ ಹತ್ತಲೇ ಇಲ್ಲ ಅಂದ್ರೆ? ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಮೊದಲು ನೋಡಬೇಕಾದ್ದು ಇದನ್ನೇ, ಸೀಟ್ ಕವರ್ ಅಲ್ಲ. ಆ ವರ್ಷಗಳ ಕಾರುಗಳಲ್ಲಿ ಎಷ್ಟೋ ಸಲ ಮೇಲಿನ ಮಾಡೆಲ್ಲಿಗೆ ಮಾತ್ರ ಎಬಿಎಸ್ ಕೊಡ್ತಿದ್ರು, ಹೆಸರು ಒಂದೇ ಇದ್ದ ಮಾತ್ರಕ್ಕೆ ನಂಬಬೇಡಿ.

ಎಬಿಎಸ್ ಇಲ್ಲದ ಪಿಕಪ್ ಇದ್ದವರಿಗೆ

"ನಮ್ಮ ಗಾಡಿಗೆ ಹಾಕಿಸಬಹುದಾ?" ಅಂತ ಮುದ್ದೇಬಿಹಾಳದ ಗೆಳೆಯರೊಬ್ಬರು ಕೇಳಿದ್ರು. ಆಗೋದಿಲ್ಲ ಅನ್ನೋದೇ ಸರಿ. ಹಬ್, ಸೆನ್ಸರ್, ಪೈಪು, ಕಂಪ್ಯೂಟರ್ ಎಲ್ಲ ಆ ಗಾಡಿಯ ತೂಕಕ್ಕೆ ಹೊಂದಿಸಿ ಮಾಡಿರ್ತಾರೆ. ಆ ರೊಕ್ಕವನ್ನ ಒಳ್ಳೇ ಟೈರಿಗೆ ಹಾಕಿ.

ಆದ್ರೆ ಪಿಕಪ್ ಇದ್ದವರು ಒಂದು ಕೆಲಸ ಮಾಡಿ. ಕೆಳಗೆ ಬಗ್ಗಿ ಹಿಂದಿನ ಆ್ಯಕ್ಸೆಲ್ ಹತ್ರ ನೋಡಿ. ಬಹಳಷ್ಟು ಹಳೇ ಪಿಕಪ್‌ಗಳಲ್ಲಿ ಆ್ಯಕ್ಸೆಲ್ಲಿಗೂ ಚಾಸಿಗೂ ನಡುವೆ ಒಂದು ಸರಳು, ಅದರ ತುದಿಗೆ ವಾಲ್ವು ಇರ್ತದೆ. ಲೋಡ್ ಹಾಕಿದಾಗ ಗಾಡಿ ಕುಗ್ಗಿದಷ್ಟೂ ಅದು ಹಿಂದಿನ ಗಾಲಿಗೆ ಜಾಸ್ತಿ ಬ್ರೇಕ್ ಕೊಡ್ತದೆ, ಖಾಲಿ ಇದ್ದಾಗ ಕಮ್ಮಿ. ಖಾಲಿ ಪಿಕಪ್ ಮಳೆಯಲ್ಲಿ ಹಿಂಭಾಗ ತಿರುಗಿಸದ ಹಾಗೆ ಕಾಯೋದು ಇದೇ. ನಮ್ಮವರು ಜಾಸ್ತಿ ಕ್ರೇಟ್ ಹೇರೋಕೆ ಅಂತ ಪಾಟಾ ಕೂಡಿಸ್ತಾರೆ. ಪಾಟಾ ಗಟ್ಟಿಯಾದ್ರೆ ಎರಡು ಟನ್ ಹೇರಿದ್ರೂ ಗಾಡಿ ಕುಗ್ಗೋದಿಲ್ಲ, ವಾಲ್ವು "ಗಾಡಿ ಖಾಲಿ ಐತಿ" ಅಂತಲೇ ತಿಳ್ಕೊಂಡಿರ್ತದೆ, ಹಿಂದಿನ ಬ್ರೇಕ್ ಅರ್ಧವೂ ಸಿಗೋದಿಲ್ಲ. ಸೊಲ್ಲಾಪುರ ಮಾರ್ಕೆಟ್ಟಿಗೆ ಲೋಡ್ ಹಾಕ್ಕೊಂಡು ಹೆದ್ದಾರಿಯಲ್ಲಿ ಹೋಗೋರು "ಲೋಡ್ ಇದ್ದಾಗ ಬ್ರೇಕ್ ಹಿಡಿಯೋದಿಲ್ಲ" ಅಂತಾರಲ್ಲ, ಎಷ್ಟೋ ಗಾಡಿಗಳಲ್ಲಿ ಕಾರಣ ಇದು. ಪಾಟಾ ತೆಗೆಸಿ, ಇಲ್ಲವೇ ಆ ಸರಳನ್ನ ಗೊತ್ತಿದ್ದವರ ಕೈಲಿ ಹೊಂದಿಸಿ. ತಂತಿ ಕಟ್ಟಿ ಬಿಡೋದು ಪರಿಹಾರ ಅಲ್ಲ. ಆಗ ಖಾಲಿ ಗಾಡಿ ಜಾರ್ತದೆ.

ಬೈಕಿನ ಬಗ್ಗೆ ಚುಟುಕಾಗಿ: 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆಯ್ತು, ಅದೂ ಹಲವು ಬೈಕುಗಳಲ್ಲಿ ಮುಂದಿನ ಗಾಲಿಗೆ ಮಾತ್ರ. ಹಾಲಿನ ಕ್ಯಾನ್ ಕಟ್ಕೊಂಡು ಹೋಗೋ ಸಣ್ಣ ಬೈಕಿಗೆ ಎರಡೂ ಬ್ರೇಕ್ ಕೂಡಿ ಹಿಡಿಯೋ ಸಿಬಿಎಸ್ ಬಂತು. ಅದಕ್ಕಿಂತ ಹಳೆಯದಿದ್ರೆ ನಿಮ್ಮ ಬೆರಳೇ ಎಬಿಎಸ್. ಮುಂದಿನ ಬ್ರೇಕಿಗೆ ಹೆದರಬೇಡಿ, ನಿಜವಾದ ಶಕ್ತಿ ಅಲ್ಲೇ ಇರೋದು. ಮೆಲ್ಲಗೆ ಶುರು ಮಾಡಿ ಬಿಗಿ ಮಾಡ್ತಾ ಹೋಗಿ.

ಟ್ರ್ಯಾಕ್ಟರ್ ಡಾಂಬರಿಗೆ ಹತ್ತೋ ಮುಂಚೆ ಎಡ-ಬಲ ಬ್ರೇಕ್ ಪೆಡಲ್ಲಿನ ಕೊಂಡಿ ಹಾಕಿ. ಕೊಂಡಿ ಬಿಟ್ಟು ವೇಗದಲ್ಲಿ ಒಂದೇ ಪೆಡಲ್ ಒತ್ತಿದ್ರೆ ಟ್ರ್ಯಾಕ್ಟರ್ ಮಗುಚ್ತದೆ. ಮತ್ತೆ ಆ ಟ್ರೇಲರ್ ಹಿಂದೆ ದಯವಿಟ್ಟು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಗಾಲಿಗೆ ಮೆತ್ತಿದ ಮಣ್ಣು ಹೊಲದಲ್ಲೇ ಕೆರೆದು ಬನ್ನಿ. ಆವತ್ತು ನಿಂತಿದ್ದ ಟ್ರೇಲರ್ ಯಾರದ್ದು ಅಂತ ಆಮೇಲೆ ಗೊತ್ತಾಯ್ತು, ನಮ್ಮ ಪಕ್ಕದ ಊರಿನವರದ್ದೇ. ಕಳೆದ ಹಂಗಾಮಿನಲ್ಲಿ ನಾನೇ ಒಂದು ರೋಲ್ ಪಟ್ಟಿ ತಗೊಂಡು ಹೋಗಿ ಅಂಟಿಸಿ ಬಂದೆ. ಚಹಾ ಕುಡಿಸಿದ್ರು. ಅಪ್ಪ ಈಗಲೂ ನನ್ನ ಪಕ್ಕ ಕೂತ್ರೆ ಮೊದಲು ಮೀಟರ್ ನೋಡ್ತಾರೆ, ದೀಪ ಹತ್ತಿ ಆರೋವರೆಗೂ ಬೆಲ್ಟ್ ಹಾಕೋದಿಲ್ಲ.