ಅವರ ಹಳೇ ಕಾರು ಪರಂಪರೆ, ನಮ್ಮ ಹಳೇ ಗಾಡಿ ಗುಜರಿ?

"1973ರ ಎಂಜಿಬಿ ಒಂದು ಮಾರಾಟಕ್ಕಿದೆ, ಒಳ್ಳೇ ಕಂಡೀಷನ್, ತಗೋತೀಯಾ?" ಅಂತ ಬೆಂಗಳೂರಿನ ಗೆಳೆಯ ಫೋನ್ ಮಾಡಿದ. ಟಾಪ್ ಮಡಚಿಟ್ಟು ಓಡಿಸುವ ಬ್ರಿಟಿಷ್ ಕಾರು ಅದು. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾಗುತ್ತಿತ್ತು. ಆಸೆಯಾಯ್ತು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಕೆಎ-64ರ ರಸ್ತೆಗಳಲ್ಲಿ ಅದನ್ನು ಓಡಿಸಬಹುದಾ? ಇದನ್ನು ತಿಳಿಯಲು ನಿಯಮ ಓದಿದಾಗ ಕಾರಿಗಿಂತ ದೊಡ್ಡ ಪ್ರಶ್ನೆಯೊಂದು ಎದುರಾಯ್ತು.

ಮೊದಲು ಕಾರಿನ ವಿಷಯ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಮೇಲೆ ಛಾವಣಿಯೂ ಇಲ್ಲದ್ದರಿಂದ ಬಾಗಿಲುಗಳ ಕೆಳಗೆ ಉದ್ದಕ್ಕಿರುವ ಸಿಲ್ ಭಾಗವೇ ಅದರ ಬೆನ್ನೆಲುಬು. ಅಲ್ಲಿ ತುಕ್ಕು ಹಿಡಿದಿದ್ದರೆ ಹೊಳೆಯುವ ಪೇಂಟ್ ನಂಬಬೇಡಿ. ಜಾಕ್ ಹಾಕಿ ಎತ್ತಿದಾಗ ಬಾಗಿಲು ಸಲೀಸಾಗಿ ಮುಚ್ಚದಿದ್ದರೆ ಅನುಮಾನಪಡಿ. ಇನ್ನೊಂದು, ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ಸೀಲುಗಳಿಗೆ ಅದು ಒಗ್ಗೋದಿಲ್ಲ. ಬದಲಿಸಿದ್ದಾರಾ ಅಂತ ಕೇಳಲೇಬೇಕು.

ಈಗ ಕಾನೂನು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಭಾರಿ ಬದಲಾವಣೆಯಿಲ್ಲದೆ ಮೂಲರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆಮೇಲೆ ನವೀಕರಣಕ್ಕೆ ಬರೀ 5,000. ಹೊಸದಾಗಿ ಕೊಡುವ ನಂಬರಿನಲ್ಲಿ 'ವಿಎ' ಅಕ್ಷರಗಳಿರುತ್ತವೆ. ಷರತ್ತು ಏನೆಂದರೆ, ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್, ರಿಪೇರಿಗಷ್ಟೇ ರಸ್ತೆಗಿಳಿಸಬಹುದು. ದಿನಾ ಮಧುಗಿರಿಯಿಂದ ಶಿರಾಕ್ಕೆ ಓಡಾಡೋ ಹಾಗಿಲ್ಲ.

ಇದರ ಪಕ್ಕದಲ್ಲಿ 2025ರ ಆಗಸ್ಟ್‌ನ ಅಧಿಸೂಚನೆ ಇಟ್ಟು ನೋಡಿ. 20 ವರ್ಷ ದಾಟಿದ ಸಾಮಾನ್ಯ ವಾಹನದ ನೋಂದಣಿ ನವೀಕರಣಕ್ಕೆ, ಜಿಎಸ್‌ಟಿ ಬಿಟ್ಟು, ಬೈಕಿಗೆ 2,000, ಕಾರಿಗೆ 10,000, ಆಮದು ಕಾರಿಗೆ 80,000 ರೂಪಾಯಿ. ಅದೂ 5 ವರ್ಷಕ್ಕೊಮ್ಮೆ. ಅಂದರೆ ಪಾವಗಡದ ಹಳ್ಳಿಯವರೊಬ್ಬರು ಹಳೇ ಮಾರುತಿ ಇಟ್ಟುಕೊಳ್ಳಲು 10 ವರ್ಷಕ್ಕೆ 20,000 ಕಟ್ಟಬೇಕು. ಶೆಡ್ಡಿನಲ್ಲಿ ನಿಂತ ಎಂಜಿಬಿಯ ನವೀಕರಣಕ್ಕೆ ಅದರ ಕಾಲುಭಾಗ ಸಾಕು.

ವಿಂಟೇಜ್ ಕಾರು ದಿನಾ ಹೊಗೆ ಉಗುಳೋದಿಲ್ಲ ಎಂಬ ವಾದ ನಿಜ. ಅಂಥ ಕಾರು ಉಳಿಯಲಿ ಅಂತ ನಾನೂ ಬಯಸುತ್ತೇನೆ. ಆದರೆ ಹೊತ್ತಿಗೆ ಸರಿಯಾಗಿ ಬಸ್ಸು ಬಾರದ ಊರಿನಲ್ಲಿ ಹಳೇ ಗಾಡಿ ಶೋಕಿಯಲ್ಲ. ಆಸ್ಪತ್ರೆ, ಮಾರ್ಕೆಟ್ಟಿಗೆ ಅದೇ ಗತಿ. ಚೆನ್ನಾಗಿ ನೋಡಿಕೊಂಡು ಹೊಗೆ ಪರೀಕ್ಷೆ, ಫಿಟ್‌ನೆಸ್ ಪಾಸಾದ ಗಾಡಿಗೂ ವಯಸ್ಸಿನ ಲೆಕ್ಕದಲ್ಲೇ ದುಬಾರಿ ಶುಲ್ಕ ಯಾಕೆ? ಶುಲ್ಕ ನಿಗದಿಯಾಗಬೇಕಾದ್ದು ಗಾಡಿಯ ಸ್ಥಿತಿ ನೋಡಿ.

ಗೆಳೆಯನಿಗೆ ಸದ್ಯಕ್ಕೆ ಹೇಳಿದ್ದಿಷ್ಟೇ: "ಮೊದಲು ಜಾಕ್ ಹಾಕಿ ಎತ್ತು, ಬಾಗಿಲು ಮುಚ್ಚುತ್ತಾ ನೋಡು. ಆರ್‌ಸಿಯ ಫೋಟೊ ಕಳಿಸು. ಆಮೇಲೆ ರೇಟು ಮಾತಾಡೋಣ."