ಹೊಗೆರಹಿತ ತಂಬಾಕು ಮತ್ತು ವಸಡಿನ ಉರಿಯೂತ: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಹಲ್ಲುನೋವು ಬಂದಾಗ ಚಿಟಿಕೆ ಕಡ್ಡಿಪುಡಿಯನ್ನು ವಸಡಿಗೆ ಒತ್ತಿಕೊಳ್ಳುವುದು ಗ್ರಾಮಗಳಲ್ಲಿ ಹಳೆಯ ರೂಢಿ. ನೋವು ಕೆಲಹೊತ್ತು ಮರೆತಂತಾಗುವುದರಿಂದ ಅದನ್ನು ಔಷಧಿಯೆಂದೇ ನಂಬುವವರಿದ್ದಾರೆ. ಆದರೆ ವಸಡಿನೊಳಗೆ ನಡೆಯುವುದು ಇದಕ್ಕೆ ವಿರುದ್ಧವಾದುದು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 16.3ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆ; ಧೂಮಪಾನಿಗಳು ಶೇ. 8.8 ಮಾತ್ರ. ಹೀಗಿದ್ದರೂ ಜಾಗೃತಿಯ ಮಾತು ಬೀಡಿ, ಸಿಗರೇಟಿನ ಆಚೆಗೆ ಹೋಗುವುದು ವಿರಳ.

ಹಲ್ಲು ಮತ್ತು ವಸಡಿನ ಸಂದಿನಲ್ಲಿ ಬ್ಯಾಕ್ಟೀರಿಯಾಗಳು ಪದರಗಟ್ಟಿದಾಗ ದೇಹವು ರಕ್ತದ ಬಿಳಿಕಣಗಳನ್ನು ಅಲ್ಲಿಗೆ ಕಳುಹಿಸುತ್ತದೆ. ಮೊದಲು ನ್ಯೂಟ್ರೋಫಿಲ್‌ಗಳೂ ಬಳಿಕ ಮ್ಯಾಕ್ರೋಫೇಜ್‌ಗಳೂ ಬಂದು ಸೇರುತ್ತವೆ. ಇವು ಸ್ರವಿಸುವ ಇಂಟರ್‌ಲ್ಯೂಕಿನ್-1, ಪ್ರೊಸ್ಟಾಗ್ಲಾಂಡಿನ್ ಇ2 ಮುಂತಾದ ರಾಸಾಯನಿಕಗಳಿಂದ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಇದೇ ಉರಿಯೂತ. ಮಿತಿಯಲ್ಲಿದ್ದಾಗ ಇದು ರಕ್ಷಣೆಯೇ ಹೊರತು ರೋಗವಲ್ಲ.

ತಂಬಾಕು ಈ ಮಿತಿಯನ್ನು ಕೆಡಿಸುತ್ತದೆ. ನಿಕೋಟಿನ್‌ನಿಂದ ನ್ಯೂಟ್ರೋಫಿಲ್‌ಗಳ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಕುಗ್ಗುತ್ತದೆ. ಮತ್ತೊಂದೆಡೆ, ತಂಬಾಕಿನ ಸಾರಕ್ಕೆ ಒಡ್ಡಿದ ಬಿಳಿಕಣಗಳು ಪ್ರೊಸ್ಟಾಗ್ಲಾಂಡಿನ್ ಅನ್ನು ಹೆಚ್ಚಾಗಿ ಸ್ರವಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಈ ರಾಸಾಯನಿಕಗಳು ಮೂಳೆ ಕರಗಿಸುವ ಜೀವಕೋಶಗಳನ್ನು ಪ್ರಚೋದಿಸುತ್ತವೆ. ಹೀಗೆ ಶತ್ರು ಉಳಿದುಕೊಳ್ಳುತ್ತದೆ, ಹಲ್ಲಿಗೆ ಆಧಾರವಾದ ಮೂಳೆ ಸವೆಯುತ್ತದೆ. ಸವೆದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ.

ಹೊಗೆಸೊಪ್ಪಿಗೆ ಸುಣ್ಣ ಬೆರೆಸಿದಾಗ ಕ್ಷಾರಗುಣ ಹೆಚ್ಚಿ, ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕ ಇನ್ನೂ ಸುಲಭವಾಗಿ ರಕ್ತ ಸೇರುತ್ತದೆ. ಸುಣ್ಣವೂ ಪೊರೆಯನ್ನು ಸುಡುತ್ತದೆ. ನಿತ್ಯವೂ ಒಂದೇ ಬದಿಯಲ್ಲಿ ತಂಬಾಕು ಇಡುವವರಿಗೆ ಅದೇ ಜಾಗದ ವಸಡು ಕೆಳಸರಿದು ಹಲ್ಲಿನ ಬೇರು ಹೊರಗೆ ಕಾಣುವುದು ಇದರ ಗುರುತು. ಅಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ವಿಳಂಬವಿಲ್ಲದೆ ದಂತವೈದ್ಯರಿಗೆ ತೋರಿಸತಕ್ಕದ್ದು. ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು.

ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧವಿದೆ. ಆದರೂ ಪಾನ್ ಮಸಾಲ ಮತ್ತು ತಂಬಾಕನ್ನು ಬೇರೆಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವುದು ನಿಂತಿಲ್ಲ. 2003ರ ಕೇಂದ್ರ ಕಾಯ್ದೆಯಂತೆ ಶಾಲೆ-ಕಾಲೇಜುಗಳ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಗ್ರಾಮದ ಅಂಗಡಿಗಳ ವಿಷಯದಲ್ಲಿ ಇದನ್ನು ಮೊದಲು ಗಮನಿಸಬಲ್ಲವರು ಆಯಾ ವಾರ್ಡಿನ ಸದಸ್ಯರೇ. ಆಶಾ ಕಾರ್ಯಕರ್ತೆಯರ ಮನೆಭೇಟಿಯಲ್ಲಿ ಕಡ್ಡಿಪುಡಿಯ ಬಳಕೆಯನ್ನೂ ವಿಚಾರಿಸುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಸೂಚಿಸಬಹುದು. ತಂಬಾಕು ಬಿಡಲಿಚ್ಛಿಸುವವರಿಗೆ ಉಚಿತ ರಾಷ್ಟ್ರೀಯ ಸಹಾಯವಾಣಿ: 1800-11-2356.