ಮುಖಕ್ಕೆ ಪೌಡರು

ಮುಖಕ್ಕೆ ಪೌಡರು ಹಚ್ಚುವುದು ಬಿಳುಪಾಗುವುದಕ್ಕೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅದರ ಕೆಲಸವೇ ಬೇರೆ. ಬಹುಪಾಲು ಪೌಡರುಗಳ ಮುಖ್ಯ ದ್ರವ್ಯ ಟಾಲ್ಕ್. ಬಳಪದ ಕಲ್ಲಿಗೆ ನುಣುಪನ್ನು ಕೊಡುವ ಖನಿಜವೂ ಇದೇ. ಇದರ ಸೂಕ್ಷ್ಮ ಕಣಗಳು ಚರ್ಮದ ಜಿಡ್ಡನ್ನು ಹಿಡಿದು, ಬೆಳಕನ್ನು ಚದುರಿಸಿ, ಮುಖದ ಮಿರುಗನ್ನು ತಗ್ಗಿಸುತ್ತವೆ, ಅಷ್ಟೆ.

ಆದ್ದರಿಂದ ಪೌಡರು ಮೈಬಣ್ಣಕ್ಕೆ ಹೊಂದುವಂಥದಾಗಿರಬೇಕು. ದವಡೆಯ ಅಂಚಿಗೆ ತುಸು ಹಚ್ಚಿ ಹಗಲಿನ ಬೆಳಕಿನಲ್ಲಿ ನೋಡಿ. ಕುತ್ತಿಗೆಗೂ ಮುಖಕ್ಕೂ ಭೇದ ಕಾಣದಿದ್ದರೆ ಅದೇ ನಿಮ್ಮದು. ಹೆಣ್ಣು ನೋಡಲು ಬರುವ ದಿನ ಕೃಷ್ಣವರ್ಣದ ಹುಡುಗಿಗೆ ಬಿಳಿಯ ಪೌಡರನ್ನು ಮೆತ್ತುವ ಹಿರಿಯರಿದ್ದಾರೆ. ಮುಖ ಬೂದಿ ಬಳಿದಂತಾಗುತ್ತದೆ. ‘ನಿನ್ನ ಬಣ್ಣ ಸಾಲದು’ ಎಂಬ ಮಾತು, ಯಾರೂ ಬಾಯಿಬಿಟ್ಟು ಹೇಳದೆಯೇ, ಅವಳಿಗೆ ಮುಟ್ಟುತ್ತದೆ. 16ನೆಯ ಶತಮಾನದ ಯೂರೋಪಿನ ಸಿರಿವಂತ ಸ್ತ್ರೀಯರು ಇದೇ ಬಿಳುಪಿನ ಮೋಹಕ್ಕೆ ಸೀಸದ ಬಿಳಿಯನ್ನು ಬಳಿದುಕೊಂಡರು. ಅದು ವಿಷ.

ಹಚ್ಚುವ ಕ್ರಮ ಸರಳ. ಕ್ರೀಮು ಲೇಪಿಸಿದ್ದರೆ ಅದು ಚರ್ಮದಲ್ಲಿ ಇಂಗುವವರೆಗೆ ತಡೆಯಿರಿ. ತೇವದ ಮೇಲೆ ಪೌಡರು ತೇಪೆತೇಪೆಯಾಗಿ ನಿಲ್ಲುತ್ತದೆ. ಪಫ್ಫನ್ನು ಕೊಡವಿ, ಉಜ್ಜದೆ, ಮೆಲ್ಲನೆ ಒತ್ತಿ. ಜಿಡ್ಡು ಹೆಚ್ಚಿರುವ ಹಣೆ, ಮೂಗು, ಗದ್ದಗಳಿಗೆ ಮೊದಲು. ಕೆನ್ನೆಗೆ ಪಫ್ಫಿನಲ್ಲಿ ಉಳಿದದ್ದು ಸಾಕು. ಪುಟ್ಟ ಮಕ್ಕಳ ಬಳಿ ಮಾತ್ರ ಕೊಡವಬೇಡಿ. ಆ ಧೂಳು ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ.